ಬಿಸಿಯಾದಾಗ ನಿಂತುಹೋಗುವ ಹಳೆಯ ಇಟಾಲಿಯನ್ ಕಾರು: ದೋಷ ಹುಡುಕುವ ದಾರಿ

ಲಕ್ಷಣ ಇದು. ಬೆಳಿಗ್ಗೆ ಚೋಕ್ ಎಳೆದು ಕೀ ತಿರುಗಿಸಿದರೆ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸಿದರೂ ತಕರಾರಿಲ್ಲ. ಊರೊಳಗೆ ಬಂದು ಎರಡು ಸಿಗ್ನಲ್‌ಗಳಲ್ಲಿ ನಿಂತಿರಿ ಅನ್ನಿ, ಐಡ್ಲಿಂಗ್ ತಡವರಿಸುತ್ತದೆ. ಒಮ್ಮೆ ಕೆಮ್ಮಿ ನಿಂತುಬಿಡುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ಬಿಟ್ಟರೆ ಏನೂ ಆಗೇ ಇಲ್ಲವೇನೋ ಎಂಬಂತೆ ಮತ್ತೆ ಸ್ಟಾರ್ಟ್.

ಇದನ್ನು ನೋಡಿದವರು ಸಾಮಾನ್ಯವಾಗಿ ಹೇಳುವುದು ಮೂರೇ ಮಾತು. "ಬಿಸಿಗೆ ಪೆಟ್ರೋಲ್ ಆವಿಯಾಗ್ತಿದೆ." "ಕಾಯಿಲ್ (ಪ್ಲಗ್ಗಿಗೆ ಬೇಕಾದ ಕಿಡಿ ಹುಟ್ಟಿಸುವ ಸುರುಳಿ) ಹೋಗಿದೆ." ಮೂರನೆಯದು, "ಇಟಾಲಿಯನ್ ವೈರಿಂಗ್ ಅಲ್ವಾ, ಅದು ಹಾಗೇ." ನಾನು ಮೂರನ್ನೂ ನಂಬಿದೆ. ಪೆಟ್ರೋಲ್ ಪಂಪ್ ಬದಲಾಯಿಸಿದೆ. ಕಾಯಿಲ್ ಬದಲಾಯಿಸಿದೆ. ಕಿಡಿಯ ದಾರಿಯಲ್ಲೇ ಇರುವ ಕಂಡೆನ್ಸರ್ ಬದಲಾಯಿಸಿದೆ. ಪೆಟ್ರೋಲ್ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿದೆ. ಕಾರು ಮಾತ್ರ ಅದೇ ಸಿಗ್ನಲ್‌ಗಳಲ್ಲಿ ನಿಲ್ಲುತ್ತಲೇ ಇತ್ತು. ಕೊನೆಗೆ ಸಿಕ್ಕಿದ್ದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಒಂದು ಕನೆಕ್ಟರ್. ಅದು ಎಂಜಿನ್ ಹತ್ತಿರವೂ ಇರಲಿಲ್ಲ.

ಕಾರು ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ಸುಮಾರು ಐವತ್ತು ವರ್ಷ ಹಳೆಯ ಹಿತ್ತಾಳೆ ಕಿಲುಬು ಹಿಡಿದರೆ ಮಾಡಿದವರನ್ನು ಬೈದು ಏನು ಪ್ರಯೋಜನ?

ಯಾವ ಗಾಡಿಗೆ ಇದು ಹೊಂದುತ್ತದೆ

1960ರ ದಶಕದ ನಡುವಿನಿಂದ 1980ರ ದಶಕದ ಆರಂಭದವರೆಗಿನ, ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಮತ್ತು ಪಾಯಿಂಟ್ (ಕಾಯಿಲಿನ ಕರೆಂಟನ್ನು ಹರಿಸಿ ಕಡಿಯುವ ಸಣ್ಣ ಸ್ವಿಚ್) ಇರುವ, 12 ವೋಲ್ಟಿನ ಕಾರುಗಳಿಗೆ. ಮುಖ್ಯವಾಗಿ ರೇಡಿಯೇಟರ್‌ಗೆ ಕರೆಂಟ್ ಫ್ಯಾನ್ ಇರುವಂಥವು. 1969ರ ಫಿಯಟ್ 128 ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಎಂಜಿನ್ ಅಡ್ಡಲಾಗಿ ಕೂತಿದೆ. ಮುಂದಿರುವ ರೇಡಿಯೇಟರ್‌ನ ಫ್ಯಾನನ್ನು ಎಂಜಿನ್ ಬೆಲ್ಟಿನಿಂದ ನೇರವಾಗಿ ತಿರುಗಿಸುವ ಹಾಗಿಲ್ಲ. ಹಾಗಾಗಿ ಮೋಟಾರ್ ಫ್ಯಾನ್ ಇಟ್ಟು, ನೀರು ಬಿಸಿಯಾದಾಗ ತಾನಾಗಿ ಆನ್ ಆಗುವ ಸ್ವಿಚ್ ಕೊಟ್ಟರು. 1972ರ ಫಿಯಟ್ ಎಕ್ಸ್ 1/9ರಲ್ಲಂತೂ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ಈ ಫ್ಯಾನನ್ನು ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಅದರ ಸುತ್ತಲೇ ಇದೆ.

ಹಳೆಯ ಫಿಯಟ್ 500ರಲ್ಲಿ ರೇಡಿಯೇಟರೇ ಇಲ್ಲ, ಗಾಳಿಯಿಂದಲೇ ತಣ್ಣಗಾಗುವ ಎರಡು ಸಿಲಿಂಡರ್ ಎಂಜಿನ್. ಆಲ್ಫಾ ರೋಮಿಯೋ ಜೂಲಿಯಾದಲ್ಲಿ ಫ್ಯಾನನ್ನು ಎಂಜಿನ್ನೇ ತಿರುಗಿಸುತ್ತದೆ. ಅಂಥ ಕಾರಿನವರು ಫ್ಯಾನ್ ಎಂದಲ್ಲೆಲ್ಲ ಹೆಡ್‌ಲೈಟ್ ಎಂದು ಓದಿಕೊಳ್ಳಿ, ಪರೀಕ್ಷೆ ಅದೇ.

ಸ್ಪ್ಯಾನರ್ ಹಿಡಿಯುವ ಮೊದಲು

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ತೊಂದರೆಗೆ ಎಂಜಿನ್ ಬಿಚ್ಚಬೇಡಿ. ಈ ಕಾರುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಭಾಗ ಎಂದರೆ ಎಂಜಿನ್ನೇ. ಫಿಯಟ್‌ನ ಎರಡು ಕ್ಯಾಮ್‌ಶಾಫ್ಟಿನ ಎಂಜಿನ್ ನೋಡಿ. ಮೊದಲು ಫೆರಾರಿಯಲ್ಲಿ ವಿ12 ಎಂಜಿನ್ ಮಾಡಿದ್ದ ಔರೇಲಿಯೋ ಲಾಂಪ್ರೆಡಿ ಅದನ್ನು ರೂಪಿಸಿದರು. 1966ರಲ್ಲಿ 124 ಸ್ಪೋರ್ಟ್ ಕಾರುಗಳಲ್ಲಿ ಬಂತು. ಅದೇ ವಂಶದ ಎಂಜಿನ್ ಹೊತ್ತ ಲಾನ್ಸಿಯಾ ಡೆಲ್ಟಾ 1987ರಿಂದ 1992ರವರೆಗೆ ಸತತ ಆರು ವರ್ಷ ವಿಶ್ವ ರ್‍ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ತಯಾರಕರ ಪಟ್ಟ ಗೆದ್ದಿತು. ಅಂಥ ಎಂಜಿನ್ ಒಂದು ಸಿಗ್ನಲ್ಲಿಗೆ ಸೋತು ಕೂರುವುದಿಲ್ಲ. ಅದಕ್ಕೆ ಬೇಕಾದದ್ದೇನೋ ಸಿಗುತ್ತಿಲ್ಲ, ಅಷ್ಟೇ.

ಮೊದಲ ಕೆಲಸ ಕಾಗದದ್ದು. ಗಾಡಿ ನಿಂತಾಗಲೆಲ್ಲ ಬರೆದಿಡಿ. ಎಷ್ಟು ಹೊತ್ತು ಓಡಿತ್ತು, ನಿಂತಿತ್ತೋ ಚಲಿಸುತ್ತಿತ್ತೋ, ನೀರಿನ ಮುಳ್ಳು ಎಲ್ಲಿತ್ತು, ಆಗ ಏನೇನು ಆನ್ ಆಗಿತ್ತು. ಕೊನೆಯದನ್ನು ಬರೆಯಲು ಎಲ್ಲರೂ ಮರೆಯುತ್ತಾರೆ. ನಾನು ಮರೆತಿರಲಿಲ್ಲ, ಆದರೆ ತಪ್ಪಾಗಿ ಓದಿದೆ. ನನ್ನ ಪುಸ್ತಕದಲ್ಲಿ ಹೀಗಿತ್ತು: "ಸಂಜೆ, ಮಳೆ, ಹತ್ತೇ ನಿಮಿಷ ಓಡಿತ್ತು, ನೀರು ಇನ್ನೂ ಪೂರ್ತಿ ಬಿಸಿಯಾಗಿಲ್ಲ, ನಿಂತುಹೋಯಿತು. ಹೆಡ್‌ಲೈಟ್, ವೈಪರ್ ಆನ್." ಮಳೆ ಎಂಬ ಪದ ಕಣ್ಣಿಗೆ ಬಿತ್ತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಒದ್ದೆಯಾಗಿರಬೇಕು ಅಂದುಕೊಂಡು ಅದನ್ನೂ ಬದಲಾಯಿಸಿದೆ. ಉತ್ತರ ಅದೇ ಸಾಲಿನ ಕೊನೆಯ ಮೂರು ಪದಗಳಲ್ಲಿತ್ತು.

ನಿಂತ ಜಾಗದಲ್ಲೇ ಮಾಡುವ ಪರೀಕ್ಷೆ

ಗಾಡಿ ಸುರಕ್ಷಿತ ಜಾಗದಲ್ಲಿದ್ದರೆ, ಅದು ಸತ್ತಿರುವಾಗಲೇ ಪರೀಕ್ಷೆ ಮಾಡಬೇಕು. ತಣ್ಣಗಾಗುವವರೆಗೆ ಕಾದು, ಮನೆಗೆ ತಂದು ನೋಡಿದರೆ ಎಲ್ಲವೂ ಸರಿಯಾಗೇ ಇರುತ್ತದೆ. ನಿಮಗೆ ಸಿಗುವುದು ಹತ್ತು ಹದಿನೈದು ನಿಮಿಷ. ಅದಕ್ಕೇ ಡಿಕ್ಕಿಯಲ್ಲಿ ಒಂದು ಮೀಟರ್, ಒಂದು ಹಳೆಯ ಪ್ಲಗ್, ಎರಡು ಕಡೆ ಕ್ಲಿಪ್ ಇರುವ ಒಂದು ವೈರ್ ಯಾವಾಗಲೂ ಇರಲಿ. ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ತಿರುಗಬಹುದು, ಕೈ ಮತ್ತು ತೋಳು ದೂರ ಇರಲಿ.

ಮೊದಲು ಪೆಟ್ರೋಲ್, ಏಕೆಂದರೆ ಅದಕ್ಕೆ ಅರ್ಧ ನಿಮಿಷ ಸಾಕು. ಕೀ ಆಫ್ ಮಾಡಿ, ಏರ್ ಫಿಲ್ಟರ್ ಮುಚ್ಚಳ ತೆಗೆದು, ಕಾರ್ಬುರೇಟರ್ ಬಾಯಿಯೊಳಗೆ ನೋಡುತ್ತಾ ಆಕ್ಸಿಲರೇಟರ್ ಲಿವರ್ ಕೈಯಲ್ಲಿ ಎಳೆಯಿರಿ. ಈ ಕಾರುಗಳಲ್ಲಿ ಬಹುಪಾಲು ಇರುವುದು ವೆಬರ್ ಕಾರ್ಬುರೇಟರ್. ಎಡೋಆರ್ಡೋ ವೆಬರ್ 1923ರಲ್ಲಿ ಬೊಲೋನ್ಯಾದಲ್ಲಿ ಶುರು ಮಾಡಿದ ಕಂಪನಿಯದು. ಅದರ ಒಂದು ಒಳ್ಳೆಯ ಗುಣ, ಲಿವರ್ ಎಳೆದ ಕೂಡಲೇ ಒಳಗೆ ಪೆಟ್ರೋಲ್ ಪಿಚಕಾರಿಯ ಹಾಗೆ ಚಿಮ್ಮುವುದು ಕಣ್ಣಿಗೆ ಕಾಣುತ್ತದೆ. ಚಿಮ್ಮಿದರೆ ಫ್ಲೋಟ್ ತೊಟ್ಟಿಯಲ್ಲಿ ಪೆಟ್ರೋಲ್ ಇದೆ. "ಆವಿಯಾಗಿ ಖಾಲಿಯಾಗಿದೆ" ಎಂಬ ವಾದ ಅಲ್ಲಿಗೆ ಮುಗಿಯಿತು. ಯಾರಾದರೂ ಸೆಲ್ಫ್ ಹೊಡೆಯುವಾಗ ಮಾತ್ರ ಮುಖ ಅಲ್ಲಿಟ್ಟು ನೋಡಬೇಡಿ. ಬೆಂಕಿ ಉಗುಳಿದರೆ ಹುಬ್ಬು ಇರುವುದಿಲ್ಲ.

ಚಿಮ್ಮದಿದ್ದರೆ ಪೆಟ್ರೋಲ್ ದಾರಿ ಹಿಡಿಯಿರಿ. ಟ್ಯಾಂಕ್ ಮುಚ್ಚಳ ತೆಗೆದಾಗ ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಗಾಳಿಕಿಂಡಿ ಕಟ್ಟಿಕೊಂಡಿದೆ ಎಂದು ಅರ್ಥ. ಟ್ಯಾಂಕಿನೊಳಗಿನ ಜಾಲರಿಯಲ್ಲಿ ತುಕ್ಕಿನ ಪುಡಿ ತುಂಬಿರಬಹುದು. ಪೆಟ್ರೋಲ್ ನಿಜವಾಗಿಯೂ ಕುದಿಯುವುದೂ ಉಂಟು. ಅದರ ಹಗುರವಾದ ಅಂಶಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಎಂಜಿನ್ನಿಗೆ ಅಂಟಿಕೊಂಡ ಪಂಪ್ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿಯಾಗುತ್ತದೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಆ ತೊಂದರೆ ಹೆಚ್ಚಾಗಿ ಬರುವುದು ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟ ಮೇಲೆ, ಗಾಳಿಯಾಡದೆ ಶಾಖ ಮೇಲೇರಿದಾಗ. ಆಗ ಪೆಟ್ರೋಲ್ ಉಕ್ಕಿ ಎಂಜಿನ್ನಿಗೆ ಹರಿದು ಅತಿಯಾಗಿರುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಮತ್ತೆ ಮತ್ತೆ ಒತ್ತದೆ ಸೆಲ್ಫ್ ಹೊಡೆದರೆ ಹತ್ತಿಕೊಳ್ಳುತ್ತದೆ. ನಮ್ಮ ಲಕ್ಷಣ ಇದರ ತಿರುಗಾಮುರುಗಾ. ಸುಮ್ನೆ ಬಿಟ್ಟರೆ ಸರಿಹೋಗುತ್ತದೆ.

ಇನ್ನು ಕಿಡಿ. ಏರ್ ಫಿಲ್ಟರ್ ಮತ್ತೆ ಮುಚ್ಚಿ, ಪೆಟ್ರೋಲ್ ವಾಸನೆ ಹೋಗುವವರೆಗೆ ಒಂದು ನಿಮಿಷ ಬಿಡಿ. ಒಂದು ಸಿಲಿಂಡರಿನ ಪ್ಲಗ್ ವೈರನ್ನು ಹಳೆಯ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹವನ್ನು ಕ್ಲಿಪ್ ವೈರಿನಿಂದ ಎಂಜಿನ್ ಲೋಹಕ್ಕೆ ಕಟ್ಟಿ, ಕಾರ್ಬುರೇಟರ್‌ನಿಂದ ದೂರ ಇಡಿ. ಕೈಯಲ್ಲಿ ಹಿಡಿಯಬೇಡಿ. ಸೆಲ್ಫ್ ಹೊಡೆದರೆ ನೀಲಿ ಬಣ್ಣದ ಕಿಡಿ ಚಟಚಟ ಎನ್ನಬೇಕು. ಮಂಕಾಗಿ, ಹಳದಿಯಾಗಿ, ಬಿಟ್ಟು ಬಿಟ್ಟು ಬಂದರೆ ಅಥವಾ ಬಾರದಿದ್ದರೆ ದೋಷ ಕಿಡಿಯ ಕಡೆ ಇದೆ.

ನಾನು ಇಲ್ಲೇ ಎಡವಿದ್ದು. ಕಿಡಿ ಮಂಕಾಗಿತ್ತು. ಕಾಯಿಲ್ ಹೋಗಿದೆ ಎಂದು ತೀರ್ಮಾನಿಸಿದೆ. ಮಂಕು ಕಿಡಿ ಹೇಳುವುದು ಕಾಯಿಲಿನಿಂದ ಸಾಕಷ್ಟು ಹೊರಬರುತ್ತಿಲ್ಲ ಎಂದು ಮಾತ್ರ. ಅದಕ್ಕೆ ಸಾಕಷ್ಟು ಒಳಹೋಗುತ್ತಿದೆಯೇ ಎಂದು ನಾನು ಕೇಳಲೇ ಇಲ್ಲ.

ಈಗ ಮೀಟರ್ ಇಲ್ಲದವರೂ ಮಾಡಬಹುದಾದ ಪರೀಕ್ಷೆ. ಕೀ ಆನ್ ಮಾಡಿ ಕಿವಿಗೊಡಿ. ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯೇ? ತಿರುಗುತ್ತಿದ್ದರೆ ಕೀ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ಅದರ ಪ್ಲಗ್ ಕಳಚಿ ಮತ್ತೆ ಸೆಲ್ಫ್ ಹೊಡೆಯಿರಿ. ಗಾಡಿ ಸ್ಟಾರ್ಟ್ ಆದರೆ ದೋಷ ಸಿಕ್ಕಂತೆಯೇ. ಕೂಡಲೇ ಆಫ್ ಮಾಡಿ ಪ್ಲಗ್ ಮರಳಿ ಹಾಕಿ. ಫ್ಯಾನ್ ಇಲ್ಲದೆ ಸಿಗ್ನಲ್ಲಿನಲ್ಲಿ ನಿಂತರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಯ ಕೆಳಗಿನ ಸೀಲ್) ಸುಟ್ಟುಹೋಗುವ ಹೊಸ ದೋಷವನ್ನು ನೀವೇ ಕೊಂಡುಕೊಂಡ ಹಾಗೆ.

ಬಿಸಿ ಅಲ್ಲ, ಹೊರೆ

ನಮ್ಮ ಕಾರಿನಲ್ಲಿ ಆಗುತ್ತಿದ್ದದ್ದು ಇಷ್ಟು. ಬ್ಯಾಟರಿಯಿಂದ ಬರುವ ಮುಖ್ಯ ವೈರ್ ಒಂದು ಕನೆಕ್ಟರ್ ಮೂಲಕ ಹಾದು ಕೀ ಸ್ವಿಚ್ಚಿಗೂ ಫ್ಯೂಸ್ ಪೆಟ್ಟಿಗೆಗೂ ಹೋಗುತ್ತದೆ. ಕಾಯಿಲ್, ಫ್ಯಾನ್, ಹೆಡ್‌ಲೈಟ್, ವೈಪರ್, ಎಲ್ಲಕ್ಕೂ ಅದೊಂದೇ ಬಾಗಿಲು. ಆ ಕಾಲದ ಇಟಾಲಿಯನ್ ಕಾರುಗಳಲ್ಲಿ ಇದು ಸಾಮಾನ್ಯ. ಈಗಿನ ಕಾರಿನಲ್ಲಿ ಹತ್ತು ಕಡೆ ರಿಲೇ (ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟ್ ಹರಿಸುವ ಸ್ವಿಚ್) ಇಡುತ್ತಾರೆ. ಆಗ ಸ್ವಿಚ್ಚೇ ಪೂರ್ತಿ ಕರೆಂಟ್ ಹೊರುತ್ತಿತ್ತು. ಹೊಸದಾಗಿದ್ದಾಗ ಸಾಕಾಗುತ್ತಿತ್ತು, ನಿಜ.

ಆ ಕನೆಕ್ಟರ್ ಕಿಲುಬು ಹಿಡಿದು ಅದರಲ್ಲಿ ಕಾಲು ಓಮ್‌ನಷ್ಟು ತಡೆ ಹುಟ್ಟಿತ್ತು. ಕಾಲು ಓಮ್ ಎಂದರೆ ಕೇಳಲಿಕ್ಕೆ ಏನೂ ಅಲ್ಲ. ಲೆಕ್ಕ ಹಾಕಿ ನೋಡಿ. ಕಾಯಿಲ್ 4 ಆಂಪಿಯರ್ ಎಳೆದರೆ 1 ವೋಲ್ಟ್ ಅಲ್ಲೇ ಸೋರಿತು. ಫ್ಯಾನ್ ಆನ್ ಆಗಿ ಇನ್ನೊಂದು 9 ಆಂಪಿಯರ್ ಎಳೆದರೆ ಒಟ್ಟು 13, ಸೋರಿದ್ದು 3 ವೋಲ್ಟಿಗೂ ಜಾಸ್ತಿ. ಹೆಡ್‌ಲೈಟಿನ ಎರಡು 55 ವ್ಯಾಟ್ ಬಲ್ಬುಗಳೂ ಸುಮಾರು 9 ಆಂಪಿಯರ್ರೇ. ಬ್ರೇಕ್ ಲೈಟಿನ ಎರಡು 21 ವ್ಯಾಟ್ ಬಲ್ಬು ಸೇರಿಸಿದರೆ ಇನ್ನೂ 3.5. ಈಗ ಮಳೆಯ ಸಂಜೆಯ ಸಾಲು ಅರ್ಥವಾಯಿತಲ್ಲ?

ಓಡುವಾಗ ಆಲ್ಟರ್ನೇಟರ್ 14 ವೋಲ್ಟ್ ಹತ್ತಿರ ಕೊಡುತ್ತದೆ, ಮೂರು ಹೋದರೂ ನಡೆಯುತ್ತದೆ. ಐಡ್ಲಿಂಗಿನಲ್ಲಿ ಅದೂ ಕೆಳಗಿಳಿಯುತ್ತದೆ. ಅದಕ್ಕೇ ಹೆದ್ದಾರಿಯಲ್ಲಿ ಏನೂ ಇಲ್ಲ, ಸಿಗ್ನಲ್ಲಿನಲ್ಲಿ ಸಾವು. ನಿಂತ ಮೇಲೆ ಸೆಲ್ಫ್ ಹೊಡೆದರೆ ಬ್ಯಾಟರಿಯೇ 10 ವೋಲ್ಟಿಗೆ ಇಳಿಯುತ್ತದೆ. ಕಾಯಿಲಿಗೆ ಸಿಗುವುದು 7. ಅಷ್ಟರಲ್ಲಿ ಕಿಡಿ ಬಾರದು. ಇಪ್ಪತ್ತು ನಿಮಿಷದಲ್ಲಿ ರೇಡಿಯೇಟರ್ ತಣ್ಣಗಾಗಿ ಫ್ಯಾನ್ ಸ್ವಿಚ್ ಆಫ್ ಆಗುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ. ಬಿಸಿಗೆ ನಿಂತದ್ದು, ತಣ್ಣಗಾಗಿ ಹೊರಟದ್ದು ಎಂದು ನಾವು ಅಂದುಕೊಳ್ಳುತ್ತೇವೆ.

ಅಳೆಯುವ ವಿಧಾನ ಹೀಗೆ. ಎಂಜಿನ್ ಆಫ್, ಕೀ ಆನ್, ಪಾಯಿಂಟ್ ಮುಚ್ಚಿರಬೇಕು. ಇದು ಮುಖ್ಯ. ಪಾಯಿಂಟ್ ತೆರೆದಿದ್ದರೆ ಕಾಯಿಲಿನಲ್ಲಿ ಕರೆಂಟೇ ಹರಿಯುವುದಿಲ್ಲ, ಹರಿಯದಿದ್ದರೆ ಸೋರಿಕೆಯೂ ಇಲ್ಲ, ಮೀಟರ್ ಪೂರ್ತಿ 12.4 ತೋರಿಸಿ ನಿಮ್ಮನ್ನು ಖುಷಿಪಡಿಸುತ್ತದೆ. ನನಗೆ ಎರಡು ಸಲ ಹಾಗೆ ಮೋಸವಾಯಿತು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಪಾಯಿಂಟ್ ಕಣ್ಣಾರೆ ನೋಡಿ. ಮುಚ್ಚಿರದಿದ್ದರೆ ನ್ಯೂಟ್ರಲ್‌ನಲ್ಲಿ, ಕೀ ಆಫ್ ಇರುವಾಗ, ಎಂಜಿನ್ ಸ್ವಲ್ಪ ತಿರುಗಿಸಿ. ಹೀಗೆ ಕೀ ಆನ್ ಇಟ್ಟು ಒಂದೆರಡು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ, ಕಾಯಿಲ್ ಬಿಸಿಯಾಗುತ್ತದೆ.

ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಕಪ್ಪು ಕಡ್ಡಿ ಕಾಯಿಲಿನ ಪ್ಲಸ್ ಮೇಲೆ. ಕಾಯಿಲಿನ ಮುಂದೆ ತಡೆ ತಂತಿ ಇರುವ ಕಾರಾದರೆ ಅದಕ್ಕಿಂತ ಮುಂಚಿನ ಜಾಗದಲ್ಲಿ. ದಾರಿಯಲ್ಲಿ ಸೋರಿದ್ದೆಲ್ಲ ಮೀಟರಿನಲ್ಲಿ ನೇರವಾಗಿ ಕಾಣುತ್ತದೆ. ಅರ್ಧ ವೋಲ್ಟಿನೊಳಗಿದ್ದರೆ ಹಳೆಯ ಗಾಡಿಗೆ ಚೆನ್ನಾಗೇ ಇದೆ. ನನ್ನದು 1.1 ತೋರಿಸಿತು. ಹೆಡ್‌ಲೈಟ್ ಹಾಕಿದ ಕೂಡಲೇ 3.4ಕ್ಕೆ ಜಿಗಿಯಿತು. ಆಮೇಲೆ ಕಪ್ಪು ಕಡ್ಡಿಯನ್ನು ಒಂದೊಂದೇ ಜಾಗ ಹಿಂದಕ್ಕೆ ತನ್ನಿ. ಫ್ಯೂಸ್ ಪೆಟ್ಟಿಗೆ, ಕೀ ಸ್ವಿಚ್ಚಿನಿಂದ ಹೊರಬರುವ ವೈರ್, ಒಳಹೋಗುವ ವೈರ್, ಅದರ ಹಿಂದಿನ ಕನೆಕ್ಟರ್. ಎಲ್ಲಿ ಸಂಖ್ಯೆ ಒಮ್ಮೆಲೇ ಬೀಳುತ್ತದೋ ಅದನ್ನು ಈಗಷ್ಟೇ ದಾಟಿದಿರಿ. ನನ್ನಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ, ಸ್ಟೀರಿಂಗ್ ಕಂಬದ ಪಕ್ಕ. ಬಿಳಿ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿತ್ತು, ಬೆರಳಿಟ್ಟರೆ ಸುಡುತ್ತಿತ್ತು.

ಅದೇ ಪರೀಕ್ಷೆ, ಅರ್ಥಿಂಗ್ ಕಡೆ

ಪ್ಲಸ್ ಕಡೆ ಏನೂ ಸಿಗದಿದ್ದರೆ ಮೈನಸ್ ಕಡೆ ಬನ್ನಿ. ನಿಜ ಹೇಳಬೇಕೆಂದರೆ ಹೆಚ್ಚಿನ ಹಳೆಯ ಇಟಾಲಿಯನ್ ಕಾರುಗಳ ದೆವ್ವಗಳು ವಾಸವಾಗಿರುವುದು ಇಲ್ಲೇ. ಕರೆಂಟ್ ವಾಪಸ್ ಬರುವ ವೈರ್ ಎಂದರೆ ಗಾಡಿಯ ಬಾಡಿಯೇ. ಬಾಡಿ ತುಕ್ಕು ಹಿಡಿದರೆ ವೈರ್ ತುಕ್ಕು ಹಿಡಿದ ಹಾಗೆ. ಲಾನ್ಸಿಯಾ ಬೀಟಾದ ತುಕ್ಕಿನ ಕಥೆ ನೀವು ಕೇಳಿರಬಹುದು. 1980ರ ಹೊತ್ತಿಗೆ ಬ್ರಿಟನ್ನಿನಲ್ಲಿ ಕಂಪನಿಯೇ ಹಳೆಯ ಬೀಟಾಗಳನ್ನು ವಾಪಸ್ ಕೊಳ್ಳಬೇಕಾಯಿತು. ಆಲ್ಫಾ ರೋಮಿಯೋದ ಆಲ್ಫಾಸುಡ್ ಕೂಡ ತುಕ್ಕಿಗೆ ಅಷ್ಟೇ ಹೆಸರುವಾಸಿ.

ಗುರುತುಗಳು ವಿಚಿತ್ರವಾಗಿರುತ್ತವೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ. ಲೈಟ್ ಹಾಕಿದರೆ ಪೆಟ್ರೋಲ್ ಮುಳ್ಳು ಮೇಲೇರುತ್ತದೆ. ಎಕ್ಸ್ 1/9ರ ಎದ್ದು ನಿಲ್ಲುವ ಹೆಡ್‌ಲೈಟುಗಳಲ್ಲಿ ಒಂದು ಮೇಲೆದ್ದು ಇನ್ನೊಂದು ಮಲಗಿದ್ದರೆ, ಮೋಟಾರ್ ತೆಗೆಯುವ ಮೊದಲು ಅದರ ಅರ್ಥಿಂಗ್ ನೋಡಿ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾದರೆ ಎಂಜಿನ್ ಮತ್ತು ಬಾಡಿ ನಡುವಿನ ಜಡೆಯಂಥ ತಾಮ್ರದ ಪಟ್ಟಿ ಕಿತ್ತಿದೆ. ಪಾಪ, ನೂರಕ್ಕೂ ಜಾಸ್ತಿ ಆಂಪಿಯರ್ ಆ ಸಣ್ಣ ಕೇಬಲ್ ಹಿಡಿದು ಮನೆಗೆ ಹೋಗುತ್ತಿದೆ.

ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಕೆಂಪು ಕಡ್ಡಿ ಎಂಜಿನ್ ಲೋಹದ ಮೇಲೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್ ದಾಟಬಾರದು. ಆಮೇಲೆ ಲೈಟ್, ಫ್ಯಾನ್ ಎಲ್ಲ ಹಾಕಿ, ಕೆಂಪು ಕಡ್ಡಿಯನ್ನು ಬಾಡಿಯ ಮೇಲಿಡಿ. ಅಲ್ಲಿ 0.2ರೊಳಗಿರಬೇಕು.

ಒಂದು ಬಲೆ ಇದೆ. ನಿಂತಾಗ ಬ್ರೇಕ್ ಒತ್ತಿದರೆ ಐಡ್ಲಿಂಗ್ ಬೀಳುವುದು ಬ್ರೇಕ್ ಬೂಸ್ಟರಿನಲ್ಲಿ (ಎಂಜಿನ್ನಿನ ಗಾಳಿ ಎಳೆತದಿಂದ ಕಾಲಿನ ಒತ್ತಿಗೆ ಬಲ ಸೇರಿಸುವ ಭಾಗ) ಗಾಳಿ ಸೋರುವುದರಿಂದಲೂ ಆಗುತ್ತದೆ. ಬ್ರೇಕ್ ಲೈಟಿನ ಫ್ಯೂಸ್ ತೆಗೆದು ಒತ್ತಿ ನೋಡಿ. ಆಗಲೂ ಬಿದ್ದರೆ ಅದು ಗಾಳಿಯ ಕೆಲಸ, ಕರೆಂಟಿನದಲ್ಲ.

ಸರಿಪಡಿಸುವುದು

ಬ್ಯಾಟರಿ ಕಳಚಿ ಶುರು ಮಾಡಿ. ಕಂದು ತಿರುಗಿದ ಕನೆಕ್ಟರನ್ನು ಉಜ್ಜಿ ಮತ್ತೆ ಹಾಕಬೇಡಿ. ಒಮ್ಮೆ ಕಾದ ಹಿತ್ತಾಳೆಗೆ ಬಿಗಿ ಇರುವುದಿಲ್ಲ, ಆರು ತಿಂಗಳಲ್ಲಿ ಮತ್ತೆ ಅದೇ ಹಾಡು. ಎರಡೂ ಕಡೆಯ ಟರ್ಮಿನಲ್ ಹೊಸದು ಹಾಕಿ. ವೈರಿನ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ.

ಅದರ ಜೊತೆಗೆ ಫ್ಯಾನ್ ಮತ್ತು ಹೆಡ್‌ಲೈಟಿಗೆ ಒಂದೊಂದು ರಿಲೇ ಹಾಕುವುದು ಒಳ್ಳೆಯದು. ದಪ್ಪ ವೈರ್, ಬ್ಯಾಟರಿ ಹತ್ತಿರವೇ ಅದರದ್ದೇ ಫ್ಯೂಸ್. ಹಳೆಯ ಸ್ವಿಚ್ ಆಮೇಲೆ ರಿಲೇಗೆ ಸನ್ನೆ ಕೊಟ್ಟರೆ ಸಾಕು. ಕಾರು ಮೂಲ ರೂಪದಲ್ಲೇ ಇರಬೇಕು ಎನ್ನುವವರು ಇದನ್ನು ಒಪ್ಪುವುದಿಲ್ಲ. ನನಗೂ ಮೂಲ ರೂಪ ಇಷ್ಟವೇ, ಆದರೆ ಡ್ಯಾಶ್‌ಬೋರ್ಡ್ ಕೆಳಗಿನ ಹೊಗೆ ಅದರಲ್ಲಿ ಸೇರಿಲ್ಲ.

ಫ್ಯೂಸ್ ಪೆಟ್ಟಿಗೆಯನ್ನೂ ಬಿಡಬೇಡಿ. ಈ ಕಾರುಗಳಲ್ಲಿ ಇರುವುದು ಎರಡು ತುದಿ ಚೂಪಾದ, ಪಿಂಗಾಣಿ ಮೈಯ, ಹೊರಗೆ ಲೋಹದ ಪಟ್ಟಿಯಿರುವ ಫ್ಯೂಸ್, ಸಾಮಾನ್ಯವಾಗಿ 8 ಮತ್ತು 16 ಆಂಪಿಯರ್. ನೋಡಲು ಚೆನ್ನಾಗಿ ಕಂಡರೂ ಚೂಪು ತುದಿ ಮತ್ತು ಹಿಡಿಕೆಯ ನಡುವೆ ಕಿಲುಬು ಕೂತಿರುತ್ತದೆ. ಎಲ್ಲ ತೆಗೆದು, ಹಿಡಿಕೆಗಳನ್ನು ನಯವಾದ ಮರಳು ಕಾಗದದಿಂದ ಉಜ್ಜಿ, ಸ್ವಲ್ಪ ಒಳಕ್ಕೆ ಬಗ್ಗಿಸಿ ಹೊಸ ಫ್ಯೂಸ್ ಹಾಕಿ. 8ರ ಜಾಗಕ್ಕೆ 16 ಹಾಕುವುದು ಪರಿಹಾರ ಅಲ್ಲ.

ಇದೇ ವೇಷ ಹಾಕುವ ಬೇರೆ ದೋಷಗಳು

ವೋಲ್ಟ್ ಎಲ್ಲ ಸರಿಯಿದ್ದೂ ಬಿಸಿಯಾದಾಗ ಕಿಡಿ ಹೋಗುತ್ತಿದ್ದರೆ ಆಗ ಕಂಡೆನ್ಸರ್, ಕಾಯಿಲ್ ಮೇಲೆ ಅನುಮಾನಪಡಿ. ಪಾಯಿಂಟ್ ತೆರೆಯುವಾಗ ಅಲ್ಲಿ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್. ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ತಟ್ಟೆಗೆ ಹೋಗುವ ಸಣ್ಣ ಮೆತ್ತನೆ ವೈರ್ ಇನ್ನೊಂದು ಕಳ್ಳ. ಹೊರಗಿನ ರಬ್ಬರ್ ಚೆನ್ನಾಗಿರುತ್ತದೆ, ಒಳಗಿನ ಎಳೆ ತುಂಡಾಗಿರುತ್ತದೆ. ಮೆಲ್ಲಗೆ ಎಳೆದು ನೋಡಿ, ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರ ಇಲ್ಲ.

ಕೆಲವನ್ನು ದೋಷ ಎಂದು ಬರೆಯಲೇಬೇಡಿ. ಹಳೆಯ ಆಲ್ಫಾಗಳಲ್ಲಿ ಬೆಳಗಿನ ಮೊದಲ ಕಿಲೋಮೀಟರುಗಳಲ್ಲಿ ಎರಡನೇ ಗೇರ್ ಕರ್ ಅನ್ನುವುದು ಮಾಮೂಲು, ಎಣ್ಣೆ ಬಿಸಿಯಾಗಲಿ. ಆಲ್ಫಾಸುಡ್‌ನ ಹ್ಯಾಂಡ್‌ಬ್ರೇಕ್ ಹಿಡಿಯುವುದು ಮುಂದಿನ ಚಕ್ರಗಳನ್ನು, ಅದು ಹಾಗೆಯೇ ಇರುವುದು. ಹಳೆಯ ಫಿಯಟ್ 500ರಲ್ಲಿ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುವುದಿಲ್ಲ, ಸೀಟುಗಳ ನಡುವಿನ ಲಿವರ್ ಎತ್ತಬೇಕು. ಆದರೆ ಲಾಂಪ್ರೆಡಿ ಎಂಜಿನ್ನಿನ ಹಲ್ಲಿನ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಬದಲಾಯಿಸಿ, ಉಳಿದದ್ದು ಆಮೇಲೆ. ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ಬಗ್ಗುತ್ತವೆ. ಇಪ್ಪತ್ತು ನಿಮಿಷ ಕಾದರೆ ಅದು ಸರಿಹೋಗುವುದಿಲ್ಲ.

ಸರಿಯಾಯಿತೇ ಎಂದು ತಿಳಿಯುವುದು

ಒಂದು ಸುತ್ತು ಹೊಡೆದು ಬಂದು "ಈಗ ಚೆನ್ನಾಗಿದೆ" ಎನ್ನಬೇಡಿ. ತಣ್ಣಗಿದ್ದಾಗ ಅದು ಯಾವತ್ತೂ ಚೆನ್ನಾಗೇ ಇತ್ತು. ದೋಷ ಬರುತ್ತಿದ್ದ ಪರಿಸ್ಥಿತಿಯನ್ನೇ ಕಟ್ಟಿ ನೋಡಿ. ಬಯಲು ಜಾಗದಲ್ಲಿ ನಿಲ್ಲಿಸಿ, ಐಡ್ಲಿಂಗಿನಲ್ಲಿ ಬಿಡಿ, ಫ್ಯಾನ್ ತಾನಾಗಿ ಆನ್ ಆಗುವವರೆಗೆ ಕಾಯಿರಿ. ಹೆಡ್‌ಲೈಟ್ ಹಾಕಿ, ವೈಪರ್ ಹಾಕಿ, ಬ್ರೇಕ್ ಒತ್ತಿ ಹಿಡಿಯಿರಿ. ಮುಳ್ಳಿನ ಮೇಲೆ ಕಣ್ಣಿರಲಿ. ಫ್ಯಾನ್ ಮೂರು ಸಲ ಬಂದು ಹೋಗಲಿ. ನಾಲ್ಕನೇ ಸಲ ಫ್ಯಾನ್ ತಿರುಗುತ್ತಿರುವಾಗ ಎಂಜಿನ್ ಆಫ್ ಮಾಡಿ ತಕ್ಷಣ ಸೆಲ್ಫ್ ಹೊಡೆಯಿರಿ.

ನನ್ನದು ಅರ್ಧ ಸುತ್ತಿಗೇ ಹತ್ತಿಕೊಂಡಿತು. ಪಾಯಿಂಟ್ ಮುಚ್ಚಿಟ್ಟು, ಎಲ್ಲ ಹೊರೆ ಹಾಕಿ ಮತ್ತೆ ಅಳೆದಾಗ ಸೋರಿಕೆ 0.3. ಸುಮ್ಮನೆ ಬಿಚ್ಚಿಟ್ಟಿದ್ದ ಹಳೆಯ ಕಾಯಿಲನ್ನೂ ಒಮ್ಮೆ ಹಾಕಿ ನೋಡಿದೆ. ನೀಲಿ ಕಿಡಿ, ಚಟಚಟ ಅಂತ. ಅದು ಈಗಲೂ ಕಾರಿನಲ್ಲೇ ಇದೆ. ಹೊಸ ಕಾಯಿಲ್, ಹಳೆಯ ಪಂಪ್, ಕಂಡೆನ್ಸರ್, ಕ್ಯಾಪ್ ಎಲ್ಲ ಒಂದು ಡಬ್ಬಿಯಲ್ಲಿ ಡಿಕ್ಕಿಯಲ್ಲಿವೆ.